ಶನಿಯನ್ನು ನಿಲ್ಲಿಸಿದ ಸೋಪಿನ ಡಬ್ಬಿ

ಹೊಸಪೇಟೆಯಲ್ಲಿ ಏನೇ ಕೆಟ್ಟರೂ ಅದಕ್ಕೆ ಕರೆಂಟೇ ಕಾರಣ. ಫ್ಯಾನು ನಿಂತರೆ ಕರೆಂಟು, ಮಿಕ್ಸರ್ ಸುಟ್ಟರೆ ಕರೆಂಟು, ಸೆಲ್ಲಿನ ಮೇಲೆ ನಡೆಯುವ ಗೋಡೆ ಗಡಿಯಾರ ನಿಂತಾಗಲೂ ನಮ್ಮ ಪಕ್ಕದ ಮನೆಯವರು ಕರೆಂಟನ್ನೇ ಬೈಯುತ್ತಾರೆ. ಅಣೆಕಟ್ಟು ಮಗ್ಗುಲಲ್ಲೇ ಇದೆ, ವಿದ್ಯುತ್ತು ಅಲ್ಲೇ ತಯಾರಾಗುತ್ತದೆ, ಆದರೂ ಹೀಗೇಕೆ ಎಂದು ಕೇಳಬಾರದು. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಕಾಲುವೆ ಬಂದ ಮೇಲೆ ಭತ್ತ ಬಂತು, ಭತ್ತದ ಹಿಂದೆ ಪಂಪ್‌ಸೆಟ್ಟು ಬಂತು; ಅವೆಲ್ಲ ಒಟ್ಟಿಗೆ ಚಾಲೂ ಆದಾಗ ಮನೆಯ ಬಲ್ಬು ಮಿಣುಕು ಹುಳವಾಗುತ್ತದೆ, ಒಟ್ಟಿಗೆ ನಿಂತಾಗ ಬೆಳ್ಳಗೆ ಉರಿದು ಟಪ್ಪೆನ್ನುತ್ತದೆ. ಪಾಪ, ಕರೆಂಟಿಗೆ ಬಾಯಿಲ್ಲ. ಮನುಷ್ಯ ಮಾಡಿದ ತಪ್ಪನ್ನೂ ಸದ್ದಿಲ್ಲದೆ ಅದರ ತಲೆಗೆ ಕಟ್ಟಿಬಿಡಬಹುದು. ನಾನು ಕಟ್ಟಿದ್ದೇನೆ. ಕಟ್ಟಿ ಹತ್ತು ವರ್ಷ ಆ ಸುಳ್ಳನ್ನು ಹೊತ್ತು ತಿರುಗಿ, ಈಗ ಮಂಡಿನೋವು ಬೇರೆ ಶುರುವಾಗಿರುವುದರಿಂದ, ಒಂದೊಂದೇ ಭಾರ ಇಳಿಸುತ್ತಿದ್ದೇನೆ.

ನಾನು ಮೂಲತಃ ತುಮಕೂರು ಕಡೆಯವನು. ಭೌತಶಾಸ್ತ್ರದ ಅಧ್ಯಾಪಕನಾಗಿ ಇಲ್ಲಿನ ಕಾಲೇಜಿಗೆ ಬಂದಾಗ, ಎರಡು ವರ್ಷ ಬಿಸಿಲು ತಿಂದು ವರ್ಗ ಮಾಡಿಸಿಕೊಂಡು ಹೋಗುವುದೆಂದು ಲೆಕ್ಕ ಹಾಕಿದ್ದೆ. ಅಷ್ಟರಲ್ಲಿ ಕಂಪ್ಲಿಯ ಗಿರಿಜೆಯನ್ನು ಮದುವೆಯಾಗಿ ಊರಿಗೆಲ್ಲ ಅಳಿಯನಾದೆ. ಈ ಸೀಮೆಯಲ್ಲಿ ಅಳಿಯ ಎನ್ನುವುದು ಒಂದು ಹುದ್ದೆ. ನಾನು ಮಾವನವರೊಬ್ಬರಿಗೇ ಅಳಿಯನಲ್ಲ. ಅವರ ಓಣಿಯ ದರ್ಜಿಗೂ, ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಕರಿಯುವವನಿಗೂ ‘ಅಳಿಯಂದ್ರು’. ಅಳಿಯನಿಗೆ ಕೇಳದೆ ಕುರ್ಚಿ ಬರುತ್ತದೆ, ಬೇಡವೆಂದರೂ ತುಪ್ಪ ಬೀಳುತ್ತದೆ. ಎಲ್ಲಕ್ಕಿಂತ ದೊಡ್ಡ ಸವಲತ್ತೆಂದರೆ, ಅಳಿಯ ನಾಲ್ಕು ಜನರ ಮುಂದೆ ಏನು ತಪ್ಪು ಮಾಡಿದರೂ ಯಾರೂ ತಿದ್ದುವುದಿಲ್ಲ. ತಿದ್ದಿದರೆ ಹೆಣ್ಣು ಕೊಟ್ಟ ಊರಿನ ಮರ್ಯಾದೆ ಹೋಗುತ್ತದಂತೆ. ನಾನು ಒಮ್ಮೆ ಮಾವನ ಮನೆಯಲ್ಲಿ ಉಪ್ಪಿನ ಬಟ್ಟಲನ್ನು ಸಕ್ಕರೆಯೆಂದು ತಿಳಿದು ಹಾಲಿಗೆ ಸುರಿದುಕೊಂಡಾಗ ಹನ್ನೊಂದು ಜನ ನೋಡುತ್ತಿದ್ದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚದೆ ಪೂರ್ತಿ ಕುಡಿದೆ.

ಗಿರಿಜೆಗೆ ಕಂಪ್ಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು ಕೊಟ್ರಪ್ಪ ಮೇಷ್ಟ್ರು. ಮನೆತನದ ಅಕ್ಕಿ ಗಿರಣಿಯನ್ನು ತಮ್ಮಂದಿರಿಗೆ ಬಿಟ್ಟುಕೊಟ್ಟು ಸೀಮೆಸುಣ್ಣ ಹಿಡಿದವರು. ಸಂಡೂರಿನ ಗಣಿಯಲ್ಲಿ ಕೆಲವು ವರ್ಷ ಕೆಲಸಕ್ಕಿದ್ದ ಒಬ್ಬ ವಿದೇಶಿ ಇಂಜಿನಿಯರನ ಮಕ್ಕಳಿಗೆ ಅವರು ರಜೆಯಲ್ಲಿ ಬಸ್ಸು ಹತ್ತಿ ಹೋಗಿ ಲೆಕ್ಕ ಹೇಳಿಕೊಟ್ಟಿದ್ದರು. ಆ ಮನುಷ್ಯ ದೇಶಕ್ಕೆ ಹಿಂತಿರುಗುವಾಗ ತನ್ನ ಹಳೆಯ ದೂರದರ್ಶಕವನ್ನು ಮೇಷ್ಟ್ರಿಗೆ ಕೊಟ್ಟುಹೋದ. ದೂರದರ್ಶಕ ಬಂದಿದೆಯೆಂಬ ಸುದ್ದಿ ಓಣಿಯಲ್ಲಿ ದೂರದರ್ಶನ ಬಂದಿದೆಯೆಂದಾಗಿ, ಭಾನುವಾರ ಸಂಜೆ ನೆರೆಹೊರೆಯವರೆಲ್ಲ ಸಿನಿಮಾ ನೋಡಲು ಚಾಪೆ ಹಿಡಿದು ಬಂದರಂತೆ. ಬಿಳಿಯ ಉದ್ದ ಕೊಳವೆ, ಅದಕ್ಕೊಂದು ಮೂರು ಕಾಲಿನ ಪೀಠ, ಪೀಠದೊಳಗೆ ಎರಡು ಪುಟ್ಟ ಮೋಟಾರು, ಮತ್ತು ಅವನ್ನು ನಡೆಸಲು ಉದ್ದ ವೈರಿನ ತುದಿಗೆ ಅಂಗೈ ಅಗಲದ ಒಂದು ಕಪ್ಪು ಡಬ್ಬಿ. ಡಬ್ಬಿಯ ಮೇಲೆ ನಾಲ್ಕು ಗುಂಡಿ. ಭೂಮಿ ತಿರುಗುವುದರಿಂದ ನಾವು ನೋಡುತ್ತಿರುವ ಗ್ರಹ ನೋಡನೋಡುತ್ತಲೇ ಜಾರಿ ಆಚೆ ಹೋಗಿಬಿಡುತ್ತದೆ. ಈ ಡಬ್ಬಿ ಕೈಯಲ್ಲಿದ್ದರೆ ಕೊಳವೆ ಗ್ರಹದ ಹಿಂದೆಯೇ ತಿರುಗುತ್ತ ಅದನ್ನು ಹಿಡಿದಿಡುತ್ತದೆ. ಜೋಡಿಸುವುದು ತಿಳಿಯದೆ, ಗಿರಣಿಯ ತೌಡಿನ ಧೂಳಿಗೆ ಹಾಳಾದೀತೆಂಬ ಭಯದಿಂದ ಮೇಷ್ಟ್ರು ಅದನ್ನು ನಮ್ಮ ಕಾಲೇಜಿಗೆ ಕೊಟ್ಟುಬಿಟ್ಟರು. ಪ್ರತಿಯಾಗಿ ಕೇಳಿದ್ದು ಒಂದೇ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಅವರು ಶನಿಗ್ರಹ ಬರೆದು ಅದರ ಸುತ್ತ ಬಳೆ ಎಳೆದಿದ್ದರು. “ಬಳಿ ಖರೇನ ಐತೋ, ನಾ ಹುಡುಗ್ರಿಗೆ ಸುಳ್ಳು ಹೇಳೀನೋ, ಒಮ್ಮಿ ನೋಡಿಬಿಡ್ತೀನ್ರಿ ಅಳಿಯಂದ್ರ” ಎಂದರು.

ತೋರಿಸಲು ಏರ್ಪಾಡಾಯಿತು. ಕಾಲೇಜಿನ ತಾರಸಿಯ ಮೇಲೆ ಒಂದು ಸಂಜೆ ಪ್ರಿನ್ಸಿಪಾಲರು, ಅಧ್ಯಾಪಕರು, ಸಾಲಾಗಿ ನಿಂತ ವಿದ್ಯಾರ್ಥಿಗಳು. ನನ್ನ ಪಕ್ಕದಲ್ಲಿ ಇಸ್ತ್ರಿಯ ಪಂಚೆಯುಟ್ಟ ಮೇಷ್ಟ್ರು. ನನಗೆ ಮದುವೆಯಾಗಿ ಆರು ತಿಂಗಳಾಗಿತ್ತು, ಹುರುಪು ಜಾಸ್ತಿ. ಡಬ್ಬಿಯ ಬೆನ್ನಿಗೆ ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಏನೋ ಬರೆದಿತ್ತು. ಎಮ್ಮೆಸ್ಸಿ ಮಾಡಿದವನು ಡಬ್ಬಿಯ ಬೆನ್ನು ಓದುತ್ತ ಕೂರುತ್ತಾನೆಯೆ? ಆ ಇಂಜಿನಿಯರನ ದೇಶದ ಚಪ್ಪಟೆ ಪಿನ್ನು ನಮ್ಮ ಗೋಡೆಯ ತೂತಿಗೆ ಹಿಡಿಸಲಿಲ್ಲ. ದೇವರು ಕೊಟ್ಟ ಆ ಸೂಚನೆಯನ್ನೂ ನಾನು ಲೆಕ್ಕಿಸಲಿಲ್ಲ. ಪಿನ್ನು ಕತ್ತರಿಸಿ, ವೈರಿನ ತುದಿಗಳನ್ನು ಬೆಂಕಿಕಡ್ಡಿ ಸಿಕ್ಕಿಸಿ ಕೂರಿಸಿದೆ. ಅವರ ಕರೆಂಟು ನೂರಾ ಹತ್ತು ವೋಲ್ಟು, ನಮ್ಮದು ಅದರ ಎರಡು ಪಟ್ಟು. ಡಬ್ಬಿ ಚುಂಯ್ ಎಂದಿತು, ಪೀಠದೊಳಗಿಂದ ಸುಟ್ಟ ಅರಗಿನ ವಾಸನೆ ಬಂತು. ಎಲ್ಲರೂ ನನ್ನ ಮುಖ ನೋಡಿದರು. ನನ್ನ ಬಾಯಿಂದ ಆ ಮಾತು ತಾನಾಗಿ ಹೊರಬಿತ್ತು: “ಕರೆಂಟ್ ಹೆಚ್ಚುಕಮ್ಮಿ ಆಯ್ತು.” ಪ್ರಿನ್ಸಿಪಾಲರು, “ಹೌದ್ರಿ, ನಿನ್ನಿ ನಮ್ಮ ಮನ್ಯಾಗೂ ಎರಡು ಬಲ್ಬ್ ಹೋದ್ವು” ಎಂದು ಸಾಕ್ಷಿ ನುಡಿದರು. ಮೇಷ್ಟ್ರು ಮಾತ್ರ ಡಬ್ಬಿಯನ್ನು ಒಮ್ಮೆ ತಿರುವಿ ನೋಡಿ, “ಇರಲಿ ಬಿಡ್ರಿ ಅಳಿಯಂದ್ರ. ಶನಿ ಎಲ್ಲಿಗೆ ಹೋಗ್ತಾನ” ಎಂದು ನನ್ನನ್ನೇ ಸಮಾಧಾನ ಮಾಡಿದರು. ಮಾರನೆಯ ದಿನ ಪ್ರಿನ್ಸಿಪಾಲರು ದೂರದರ್ಶಕವನ್ನು ಬೀರುವಿಗೆ ಸೇರಿಸಿ, ರಿಪೇರಿಯಾಗುವ ತನಕ ಯಾರೂ ಮುಟ್ಟಕೂಡದೆಂದು ಬೀಗ ಹಾಕಿಸಿದರು.

ಆಮೇಲೆ ನಾನು ಕೈಕಟ್ಟಿ ಕೂತೆನೆಂದು ತಿಳಿಯಬೇಡಿ. ತಪ್ಪು ಮಾಡಿದವನು ಕಾಗದ ಬರೆಯುತ್ತಾನೆ. ಮುಂಬಯಿಗೆ ಬರೆದೆ, ಮದ್ರಾಸಿಗೆ ಬರೆದೆ, ಕೊನೆಗೆ ದೂರದರ್ಶಕ ತಯಾರಿಸಿದ ವಿದೇಶಿ ಕಂಪನಿಗೇ ಬರೆದೆ. ಬಹಳ ತಿಂಗಳ ಮೇಲೆ ಉತ್ತರ ಬಂತು: ಆ ಡಬ್ಬಿಯನ್ನು ಡಿಸ್ಕಂಟಿನ್ಯೂ ಮಾಡಿದ್ದೇವೆ, ತಾವು ದಯವಿಟ್ಟು ಹೊಸ ದೂರದರ್ಶಕವನ್ನೇ ಕೊಳ್ಳಬೇಕು. ಕಾಗದ ಬಹಳ ನುಣುಪಾಗಿತ್ತು. ಗಿರಿಜೆ ಅದನ್ನು ಅಡುಗೆಮನೆಯ ಶೆಲ್ಫಿಗೆ ಹಾಸಿದಳು. ಯಾರೋ ಹೇಳಿದರೆಂದು ಹಂಪಿಗೂ ಹೋದೆ. ಅಲ್ಲಿ ವಿದೇಶಿಯರಿಗೇನು ಬರ? ಬಜಾರದ ಕಲ್ಲುಮಂಟಪದ ಮೆಟ್ಟಿಲ ಮೇಲೆ ಬಾಳೆಹಣ್ಣು ತಿನ್ನುತ್ತ ಕೂತಿದ್ದ ಉದ್ದ ಕೂದಲಿನವನೊಬ್ಬನಿಗೆ ಸುಟ್ಟ ಡಬ್ಬಿ ತೋರಿಸಿ, ನಿಮ್ಮ ದೇಶದಲ್ಲಿ ಇಂಥದು ಸಿಕ್ಕರೆ ಕಳಿಸಬಹುದೇ ಎಂದು ಕೇಳಿದೆ. ಅವನು ತನಗೆ ಬೇಡವೆಂದ. ನಾನು ಮಾರುತ್ತಿಲ್ಲ ಎಂದೆ. ಹಾಗಾದರೆ ಗೈಡೂ ಬೇಡವೆಂದ. ಗೈಡೂ ಅಲ್ಲವೆಂದು ತಿಳಿಸುವುದಕ್ಕೆ ಅರ್ಧ ಗಂಟೆ ಬಿಸಿಲಿನಲ್ಲಿ ನಿಲ್ಲಬೇಕಾಯಿತು. ಕೊನೆಗೆ ಪುಣ್ಯಾತ್ಮ ನನ್ನ ವಿಳಾಸ ಬರೆದುಕೊಂಡು ಹೋದ. ವರ್ಷ ತುಂಬುವುದರೊಳಗೆ ಅವನಿಂದ ಒಂದು ಬಣ್ಣದ ಕಾರ್ಡು ಬಂತು. ಒಂದು ಮಗ್ಗುಲಲ್ಲಿ ಸಮುದ್ರದ ಚಿತ್ರ, ಇನ್ನೊಂದು ಮಗ್ಗುಲಲ್ಲಿ ನಿಮ್ಮ ದೇವಸ್ಥಾನ ಬಹಳ ಚೆನ್ನಾಗಿತ್ತು ಎಂದು ಎರಡು ಸಾಲು. ಅದಾದ ಮೇಲೆ ನಾನು ಆ ವಿಷಯವನ್ನೇ ಬಿಟ್ಟೆ. ಪ್ರಿನ್ಸಿಪಾಲರು ವರ್ಗವಾಗಿ ಹೋದರು, ಬೀಗದ ಕೈ ನನ್ನ ಬಳಿ ಉಳಿಯಿತು, ನನಗೆ ಕನ್ನಡಕ ಬಂತು.

ಒಂದು ದಸರಾ ರಜೆಯಲ್ಲಿ ಕೊಟ್ರಪ್ಪ ಮೇಷ್ಟ್ರು ಕೋಲೂರಿಕೊಂಡು ಮನೆಗೆ ಬಂದರು. ಸೊಂಟ ಬಾಗಿತ್ತು. ಒಂದು ಕಣ್ಣು ಪೊರೆ ತೆಗೆಸಿದ ಮೇಲೂ ಬರಲಿಲ್ಲವಂತೆ. ಇನ್ನೊಂದರಲ್ಲಿ ನೋಟ ಸುತ್ತಲಿಂದ ಕುಗ್ಗುತ್ತಿದೆ, ಹೆಚ್ಚು ದಿನ ಉಳಿಯುವುದಿಲ್ಲವೆಂದು ಬಳ್ಳಾರಿಯ ಡಾಕ್ಟರು ಹೇಳಿದ್ದರು. ಗಿರಿಜೆ ಕೊಟ್ಟ ಚಹಾ ಕುಡಿದು, ಬಸ್ಸು, ಬಿಸಿಲು, ಭತ್ತದ ಮಾತೆಲ್ಲ ಆದ ಮೇಲೆ ಮೆಲ್ಲಗೆ ಹೇಳಿದರು: “ಕಿಟಕಿ ಸಣ್ಣದಾಗ್ತಾ ಬಂದೈತ್ರಿ ಅಳಿಯಂದ್ರ. ಮುಚ್ಚೂದ್ರಾಗ ಅವನ್ನ ಒಮ್ಮಿ ತೋರಿಸಿಬಿಡ್ರಿ.” ಅಂದೇ ಸಂಜೆ ಬೀಗ ತೆಗೆದು, ಕೊಳವೆಯನ್ನು ನಾನೇ ಹೆಗಲ ಮೇಲೆ ಹೊತ್ತು ತಾರಸಿಗೆ ಸಾಗಿಸಿದೆ. ಶನಿ ಹೆಗಲೇರುವುದೆಂದರೇನೆಂದು ಮೂವತ್ತೆರಡು ಮೆಟ್ಟಿಲಿನಲ್ಲಿ ಗೊತ್ತಾಯಿತು. ಮೋಟಾರಿಲ್ಲದಿದ್ದರೇನು, ಕೈಯಿಂದ ತಳ್ಳಿ ತೋರಿಸಬಹುದೆಂದು ನನ್ನ ಎಣಿಕೆ. ಶನಿಯನ್ನು ಹುಡುಕಿ ನಡುಮಧ್ಯದಲ್ಲಿಟ್ಟು, “ಬನ್ನಿ ಸರ್” ಎಂದೆ. ಮೇಷ್ಟ್ರು ಕುರ್ಚಿಯಿಂದ ಎದ್ದು, ಕೋಲು ಊರಿ, ಎರಡು ಹೆಜ್ಜೆಯಿಟ್ಟು, ಬಗ್ಗಿ, ಕಣ್ಣು ಎಲ್ಲಿಡಬೇಕೆಂದು ತಡಕಾಡುವುದರೊಳಗೆ ಶನಿ ಜಾರಿಹೋಗಿದ್ದ. “ಏನೂ ಇಲ್ಲಲ್ರಿ.” ಮತ್ತೆ ಹುಡುಕಿಕೊಟ್ಟೆ. ಈ ಸಲ ಬಸ್ಸಿನ ಕಂಬಿ ಹಿಡಿದಂತೆ ಕೊಳವೆಯನ್ನೇ ಆಧಾರಕ್ಕೆ ಹಿಡಿದರು; ಅದು ಸಂಡೂರಿನ ಗುಡ್ಡದ ಕಡೆ ತಿರುಗಿತು. “ಹೋತು” ಎಂದರು. ಮತ್ತೆ, “ಹೋತು.” ಆರು ಸಲ ಹೋತು. ಏಳನೆಯ ಸಲಕ್ಕೆ ಅವರು ಎದ್ದು ಬರಲೇ ಇಲ್ಲ. “ಸಾಕ್ರಿ, ನಿಮಗ ತ್ರಾಸ” ಎಂದು ಕೋಲು ತಡಕಿದರು. ಹತ್ತು ವರ್ಷದ ಹಿಂದೆ ನಾನು ಡಬ್ಬಿಯ ಬೆನ್ನು ಓದಿದ್ದರೆ ಈ ಮನುಷ್ಯ ಎರಡು ಕಣ್ಣಿನಿಂದ, ನೆಟ್ಟಗೆ ನಿಂತು ನೋಡಿರುತ್ತಿದ್ದರು ಎಂಬುದು ಆ ರಾತ್ರಿ ನನಗೆ ಊಟ ಸೇರದಂತೆ ಮಾಡಿತು.

ಡಬ್ಬಿಯಿಲ್ಲದೆ ಆಗದು, ಅದೂ ಸಂಕ್ರಾಂತಿಯೊಳಗೆ ಆಗಬೇಕು. ಅದಾದ ಮೇಲೆ ಶನಿ ಸಂಜೆಯ ಆಕಾಶದಿಂದ ಇಳಿದುಹೋಗುತ್ತಾನೆ, ಮತ್ತೆ ಬರುವ ಹೊತ್ತಿಗೆ ಮೇಷ್ಟ್ರ ಕಿಟಕಿ ತೆರೆದಿರುತ್ತದೆಂದು ಹೇಳುವಂತಿಲ್ಲ. ಗಿರಿಜೆಗೆ ಹೇಳಿದರೆ, “ಶನಿ ನಮ್ಮನ್ನ ನೋಡೂದು ಸಾಲದಂತ ನೀವಽ ಹೋಗಿ ಅವನ್ನ ನೋಡ್ತೀರೇನ್ರಿ? ಅದೂ ಡಬ್ಬಿ ಮಾಡಿಸಿಕೊಂಡು?” ಎಂದಳು. ಆದರೂ ಮೇಷ್ಟ್ರ ಮೇಲಿನ ಮರುಕಕ್ಕೆ ದಾರಿಯನ್ನೂ ಅವಳೇ ತೋರಿಸಿದಳು. ನಮ್ಮ ಮಿಕ್ಸರನ್ನು ಮೂರು ಸಲ ಬದುಕಿಸಿದ ಹುಲುಗಪ್ಪನಿಗೆ ಕೊಟ್ಟು ನೋಡಿ ಎಂದಳು. ಎಮ್ಮಿಗನೂರಿನ ಈ ಹುಲುಗಪ್ಪ ಸ್ಟೇಷನ್ ರಸ್ತೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸುಟ್ಟ ಪಂಪ್‌ಸೆಟ್ಟುಗಳು ಅವನ ಬಾಗಿಲಲ್ಲಿ ಆಸ್ಪತ್ರೆಯ ರೋಗಿಗಳಂತೆ ಸಾಲಾಗಿ ಬಿದ್ದಿರುತ್ತವೆ. ನನಗೆ ಅವನ ಹತ್ತಿರ ಹೋಗಲು ಸ್ವಲ್ಪ ಮುಜುಗರ. ಅವನು ನನ್ನ ವಿದ್ಯಾರ್ಥಿಯಾಗಿದ್ದವನು. ಪಿಯುಸಿಯಲ್ಲಿ, ಲ್ಯಾಬಿನ ವೋಲ್ಟ್‌ಮೀಟರಿನ ಮುಳ್ಳು ಯಾಕೆ ಅಲ್ಲಾಡುತ್ತದೆಂದು ನೋಡಲು ಅದನ್ನು ಬಿಚ್ಚಿ ಹರವಿಟ್ಟಿದ್ದ. ನಾನು “ಹೊರಗೆ ಹೋಗು” ಎಂದೆ. ಹೋದವನು ಮತ್ತೆ ಕಾಲೇಜಿಗೆ ಬರಲಿಲ್ಲ. ಮಿಕ್ಸರನ್ನು ಯಾವಾಗಲೂ ಗಿರಿಜೆಯ ಕೈಯಲ್ಲೇ ಕಳಿಸುತ್ತಿದ್ದುದಕ್ಕೆ ಅದೇ ಕಾರಣ.

“ಬರ್ರಿ ಸರ್, ಕುಂದ್ರಿ” ಎಂದು ಹುಲುಗಪ್ಪ ತಾನು ಕೂತಿದ್ದ ಸ್ಟೂಲನ್ನು ಒರೆಸಿಕೊಟ್ಟ. ಡಬ್ಬಿ ಬಿಚ್ಚಿ, ಮೂಗಿನ ಹತ್ತಿರ ಹಿಡಿದು ಮೂಸಿದ. ವೈದ್ಯರು ನಾಡಿ ನೋಡುವಂತೆ ಅವನು ವಾಸನೆ ನೋಡುತ್ತಾನೆ. “ಇದನ್ನ ಯಾವನೋ ಪುಣ್ಯಾತ್ಮ ನೇರ ಲೈನಿಗೆ ಹಚ್ಚ್ಯಾನಲ್ರಿ ಸರ್.”

“ಕರೆಂಟ್ ಹೆಚ್ಚುಕಮ್ಮಿ ಆಗಿತ್ತಪ್ಪ,” ಎಂದೆ.

“ಆಗಿರಬಹುದ್ರಿ,” ಎಂದು ಅವನು ತಲೆಯೆತ್ತದೆ ಮತ್ತೊಂದು ಸ್ಕ್ರೂ ಬಿಚ್ಚಿದ. ನಾನು ಮಾತು ಬದಲಿಸಲು, ಈ ಡಬ್ಬಿಯನ್ನು ಕಂಪನಿಯವರು ಡಿಸ್ಕಂಟಿನ್ಯೂ ಮಾಡಿಬಿಟ್ಟಿದ್ದಾರೆ ಎಂದೆ. ಹುಲುಗಪ್ಪ ನಕ್ಕ. “ನಾನೂ ಡಿಸ್ಕಂಟಿನ್ಯೂನ ಅಲ್ರಿ ಸರ್. ಪಿಯುಸಿ ಡಿಸ್ಕಂಟಿನ್ಯೂ. ಡಿಸ್ಕಂಟಿನ್ಯೂ ಆದದ್ದರ ಕಥಿ ಡಿಸ್ಕಂಟಿನ್ಯೂ ಆದವಗಽ ತಿಳೀತೈತಿ, ಬಿಟ್ಟು ಹೋಗ್ರಿ.” ಅದರಲ್ಲಿ ಕುಟುಕು ಇತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಇದೆಯೆಂದು ಗೊತ್ತಾಗದ್ದರಿಂದಲೇ ಹೆಚ್ಚು ಚುಚ್ಚಿತು.

ಮುಂದಿನ ಒಂದು ತಿಂಗಳು ನನ್ನ ದಿನಚರಿ ಬಹಳ ಸರಳ. ಕಾಲೇಜಿನಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ಮನೆಯಲ್ಲಿ ಗಿರಿಜೆಯ ಮುಖದ ಮುಂದೆ. ಹುಲುಗಪ್ಪ ಸುಟ್ಟ ಮೋಟಾರುಗಳನ್ನು ಎಸೆದು, ಅವುಗಳ ಜಾಗದಲ್ಲಿ ಹಳೆಯ ಟೇಪ್ ರೆಕಾರ್ಡರಿನ ಎರಡು ಮೋಟಾರು ಕೂರಿಸಿದ. “ಹಾಡು ಎಳಿಬಾರ್ದು, ಓಡಬಾರ್ದು ಅಂತ ಮಾಡಿರೋ ಮೋಟಾರ್ರಿ, ನಿಮ್ಮ ಶನೀನೂ ಎಳೆಂಗಿಲ್ಲ” ಎಂದ. ಊರಿನ ಕರೆಂಟನ್ನು ನಂಬುವಂತಿಲ್ಲವಾದ್ದರಿಂದ ತನ್ನ ಅಣ್ಣನ ಟ್ರ್ಯಾಕ್ಟರಿನ ಬ್ಯಾಟರಿ ತರುತ್ತೇನೆಂದ. ಹಲ್ಲಿನ ಚಕ್ರ ಒಂದು ಸುತ್ತು ಬರಲು ಎಷ್ಟು ಹೊತ್ತಾಗಬೇಕೆಂದು ನಾನು ಲೆಕ್ಕ ಹಾಕಿಕೊಟ್ಟೆ; ಅವನು ಕೈಗಡಿಯಾರ ನೋಡುತ್ತ ಒಂದು ರೇಡಿಯೋದ ವಾಲ್ಯೂಮ್ ಗುಬಟು ತಿರುಗಿಸಿ ಅದಕ್ಕೆ ಸರಿಹೊಂದಿಸಿದ. ತೊಂದರೆಯಾದದ್ದು ಡಬ್ಬಿಯಲ್ಲಿ. ಕೈಯಲ್ಲಿ ಹಿಡಿಯುವಂಥದ್ದಾಗಬೇಕೆಂದು ನಾನು ಹೇಳಿದ್ದೆ. ಮೊದಲ ಸಲ ಅವನು ತೋರಿಸಿದ್ದು ಪಂಪ್‌ಸೆಟ್ ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆ, ಎರಡು ಹಸಿರು ಗುಂಡಿ, ಎರಡು ಕೆಂಪು ಗುಂಡಿ. ಎತ್ತಿದರೆ ನನ್ನ ಭುಜ ಕಳಚುವಂತಿತ್ತು. “ಕೈಯಾಗ ಹಿಡಿಯೋದು ಅಂದಿದ್ರಲ್ರಿ, ಹಿಡಿಕಿ ಹಚ್ಚೀನಿ ನೋಡ್ರಿ” ಎಂದು ಬೆಸುಗೆ ಹಾಕಿದ ಹಿಡಿಕೆ ತೋರಿಸಿದ. ನಾನು ನೇರವಾಗಿ ಮನೆಗೆ ಹೋಗಿ, ಬಚ್ಚಲುಮನೆಯಿಂದ ಗುಲಾಬಿ ಬಣ್ಣದ ಸೋಪಿನ ಡಬ್ಬಿ ತಂದು ಅವನ ಮುಂದಿಟ್ಟೆ. ನೀರು ಬಸಿಯಲು ಅದರ ತಳದಲ್ಲಿ ತೂತುಗಳಿದ್ದವು. “ಮಸ್ತ್ ಐತ್ರಿ, ವೈರಿಗೆ ತೂತು ಹೊಡಿಯೋ ಕೆಲಸ ಉಳೀತು” ಎಂದು ಹುಲುಗಪ್ಪ ಹಿಗ್ಗಿದ. ಅಂದಿನಿಂದ ನಮ್ಮ ಮನೆಯ ಸೋಪು ಒದ್ದೆ ಕಲ್ಲಿನ ಮೇಲೆ ಕರಗುತ್ತಿತ್ತು, ಗಿರಿಜೆ ಅದರ ಮೇಲೆ ಜಾರುತ್ತಿದ್ದಳು.

ಇನ್ನು ಗುಂಡಿಗಳ ಮೇಲೆ ಹೆಸರು ಬರೆಯುವುದೊಂದೇ ಉಳಿದಿತ್ತು. ಮೇಲೆ, ಕೆಳಗೆ, ಎಡ, ಬಲ ಎಂದು ಬರೆದುಬಿಡು ಎಂದೆ. ಅದಕ್ಕೆ ಮೊದಲು ಅವನಿಗೆ ತಾರಸಿಯ ಮೇಲೆ ಹಗಲಿನಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು ತೋರಿಸಿದ್ದೆ. ಈ ದೂರದರ್ಶಕದಲ್ಲಿ ಎಲ್ಲವೂ ತಲೆಕೆಳಗು. ಚಿಮಣಿ ಆಕಾಶದಿಂದ ಜೋತುಬಿದ್ದು ಹೊಗೆ ಕೆಳಕ್ಕೆ ಸುರಿಯುತ್ತಿತ್ತು. ಅದನ್ನು ನೆನೆಸಿಕೊಂಡು ಹುಲುಗಪ್ಪ ಕುಂಚ ಹಿಡಿದು ಯೋಚಿಸಿದ. “ಸರ್, ಒಂದು ಮೋಟಾರು ಮೂಡಲ ಪಡುವಲ ತಿರುಗಿಸ್ತೈತಿ, ಒಂದು ತೆಂಕಲ ಬಡಗಲ. ಒಳಗ ನೋಡಿದ್ರ ಎಲ್ಲಾ ಉಲ್ಟಾ. ಇದ್ರಾಗ ಮ್ಯಾಲ ಯಾವುದ್ರಿ, ಕೆಳಗ ಯಾವುದು?” ಅದು ಬಹಳ ಒಳ್ಳೆಯ ಪ್ರಶ್ನೆ. ನಾನು ಅವತ್ತು ನಾಲ್ಕು ಪೀರಿಯಡ್ ಪಾಠ ಮಾಡಿ ಬಂದಿದ್ದೆ, ಬೆನ್ನು ನೋಯುತ್ತಿತ್ತು. “ಅದೆಂಥ ಪ್ರಶ್ನೆ ಮಾರಾಯ? ನಿಮ್ಮೂರಲ್ಲಿ ಯಾವುದಕ್ಕೆ ಮೇಲೆ ಅಂತಾರೋ ಅದು ಮೇಲೆ, ಯಾವುದಕ್ಕೆ ಕೆಳಗೆ ಅಂತಾರೋ ಅದು ಕೆಳಗೆ!” ಎಂದು ರೇಗಿದೆ. “ಹಂಗಂದ್ರ ಸರಿ ಬಿಡ್ರಿ” ಎಂದು ಅವನು, ಮೋಟಾರುಗಳಿಗೆ ನಂಬರು ಬರೆಯುವ ಕೆಂಪು ಬಣ್ಣದಲ್ಲಿ ಕುಂಚ ಅದ್ದಿದ.

ದೀಪಾವಳಿ ಕಳೆದು ಮೊದಲ ಶನಿವಾರ. ವಾರವನ್ನು ಗಿರಿಜೆ ಗಮನಿಸಿದಳು, ನಾನು ಗಮನಿಸದಂತೆ ಇದ್ದೆ. ಮೇಷ್ಟ್ರು ಮೂರು ಗಂಟೆಗೇ ಕಂಪ್ಲಿಯಿಂದ ಬಂದು ಇಸ್ತ್ರಿಯ ಪಂಚೆ ಮುದುಡದಂತೆ ಕೂತಿದ್ದರು. ಹುಲುಗಪ್ಪ ಮೊದಲು ಬ್ಯಾಟರಿಯನ್ನು, ಆಮೇಲೆ ಮೇಷ್ಟ್ರನ್ನು ತಾರಸಿಗೆ ಏರಿಸಿದ. ಕತ್ತಲಾಗುತ್ತಿದ್ದಂತೆ ದಕ್ಷಿಣದಲ್ಲಿ ಶನಿ ಕಂಡ. ಕೊಳವೆಯನ್ನು ಅವನತ್ತ ತಿರುಗಿಸಿ ಹಿಡಿದೆ. ಬಳೆ ತೊಟ್ಟ ಹಳದಿ ಮಣಿ ಒಂದು ಅಂಚಿನಲ್ಲಿ ಬಂದು ನಿಂತಿತು. ಹೌದು, ನಿಂತಿತು! ಸೋಪಿನ ಡಬ್ಬಿ ಅದನ್ನು ಹಿಡಿದಿತ್ತು. ಇನ್ನು ಚೂರು ಮೇಲೆತ್ತಿ ನಡುವಿಗೆ ತಂದರಾಯಿತು. “ಬನ್ನಿ ಸರ್, ಬನ್ನಿ” ಎನ್ನುತ್ತ ‘ಮೇಲೆ’ ಒತ್ತಿದೆ. ಶನಿ ಅಡ್ಡಡ್ಡವಾಗಿ ಹೊರಟುಹೋದ. ಗಾಬರಿಯಿಂದ ‘ಕೆಳಗೆ’ ಒತ್ತಿದೆ, ಎಷ್ಟು ಒತ್ತಬೇಕೆಂದು ತಿಳಿಯದೆ ಆಚೆ ದಾಟಿಸಿಬಿಟ್ಟೆ. ‘ಎಡ’ ಒತ್ತಿದರೆ ಅದು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಕಣ್ಣಿಗೆ ಬರೀ ಕತ್ತಲು. ಬೆನ್ನ ಹಿಂದೆ ಮೇಷ್ಟ್ರ ಕೋಲಿನ ಸದ್ದು ಬಂದು ನಿಂತಿತು. “ಹೋತೇನ್ರಿ?” ಎಂದು ಅವರು ಮೆತ್ತಗೆ ಕೇಳಿದರು.

ಆ ‘ಹೋತೇನ್ರಿ’ ಕೇಳಿ ನನ್ನ ಬುದ್ಧಿ ಕೆಟ್ಟಿತು. ಹುಲುಗಪ್ಪನ ಕಡೆ ತಿರುಗಿ, ಹಿಂದೊಮ್ಮೆ ಲ್ಯಾಬಿನಲ್ಲಿ ಕೂಗಿದ ಅದೇ ದನಿಯಲ್ಲಿ ಕೂಗಿದೆ: “ಏನಯ್ಯ ಬರೆದಿದ್ದೀಯ? ಎಲ್ಲಾ ತಪ್ಪು! ನಾಲ್ಕು ದಿಕ್ಕು ಬರೆಯೋಕೆ ಬರಲ್ಲ, ಇದಕ್ಕೇ ನಿನ್ನ ಪಿಯುಸಿ ಆಗಲಿಲ್ಲ!”

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ, ಆದರೆ ಆಡಿದ ಮಾತು, ಒಡೆದ ಮುತ್ತು. ಹುಲುಗಪ್ಪ ಸಿಟ್ಟಾಗಲಿಲ್ಲ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, “ತಪ್ಪಿಲ್ರಿ ಸರ್. ನೀವಽ ಹೇಳಿದ್ರಿ, ನಿಮ್ಮೂರಾಗ ಅಂದಂಗ ಬರಿ ಅಂತ. ಮ್ಯಾಲ ಅಂದ್ರ ಡ್ಯಾಮ್ ಕಡೆ” ಎಂದ.

“ಏನು?”

“ಕಾಲುವಿ ನೀರು ಬರೋ ಕಡೆ ಮ್ಯಾಲ, ಹರಿದು ಹೋಗೋ ಕಡೆ ಕೆಳಗ. ಡ್ಯಾಮ್ ಪಡುವಲಕ್ಕೈತಿ, ಅದು ಮ್ಯಾಲ. ಎಮ್ಮಿಗನೂರು ಮೂಡಲಕ್ಕೈತಿ, ಅದು ಕೆಳಗ. ಎಡ ಅಂದ್ರ ಎಡದಂಡಿ ಕಾಲುವಿ, ಬಡಗಲಕ್ಕ. ಬಲ ಅಂದ್ರ ಬಲದಂಡಿ, ತೆಂಕಲಕ್ಕ. ಸಣ್ಣ ಹುಡುಗ್ರಿಗೂ ಗೊತ್ತೈತ್ರಿ.”

ಕೊಟ್ರಪ್ಪ ಮೇಷ್ಟ್ರು ನಕ್ಕರು. ಕೋಲನ್ನು ನನ್ನ ಕೈಗೆ ಕೊಟ್ಟು, ಸೋಪಿನ ಡಬ್ಬಿಯನ್ನು ತಮ್ಮ ಕೈಗೆ ತೆಗೆದುಕೊಂಡರು. ಕಂಪ್ಲಿಯಲ್ಲಿ ಅವರ ಗದ್ದೆ ಇರುವುದು ಬಲದಂಡೆಯ ಕೆಳಗೆ. ಹುಟ್ಟಿದಂದಿನಿಂದ ಆ ದಿಕ್ಕುಗಳಲ್ಲೇ ಓಡಾಡಿದವರು. ಹುಲುಗಪ್ಪ ಕೊಳವೆಯ ಮಗ್ಗುಲಿನ, ಗುರಿ ಹಿಡಿಯುವ ಸಣ್ಣ ದುರ್ಬೀನಿನಲ್ಲಿ ಕಣ್ಣಿಟ್ಟು, “ಸ್ವಲ್ಪ ಮ್ಯಾಲ್ರಿ ಮೇಷ್ಟ್ರ... ಈಗ ಬಲದಂಡಿಗೆ... ಭಾಳ ಆತು, ಎಡದಂಡಿಗೆ ಒಂದು ಚೂರು... ನಿಂತ ನೋಡ್ರಿ” ಎಂದ. ಮೇಷ್ಟ್ರು ಬಗ್ಗಿದರು. ಹಿಡಿಯಲು ಕೈಯಲ್ಲಿ ಡಬ್ಬಿಯಿದ್ದುದರಿಂದ ಈ ಸಲ ಕೊಳವೆಯನ್ನು ಹಿಡಿಯಲಿಲ್ಲ. ಬಗ್ಗಿದವರು ತಲೆಯೆತ್ತಲೇ ಇಲ್ಲ. ನನಗೆ ತಡೆಯದೆ, ಏನಾದರೂ ಕಾಣುತ್ತಿದೆಯೇ ಎಂದು ಕೇಳಿದೆ.

“ಬಳಿ ಐತ್ರಿ,” ಎಂದರು. “ನಾ ಹುಡುಗ್ರಿಗೆ ಸುಳ್ಳು ಹೇಳಿಲ್ಲ. ಎಲ್ಲೂ ಹೋಗವಲ್ಲ, ಕುಂತಾನ ನೋಡ್ರಿ ನಾ ಬರೋ ತನಕ.” ಮತ್ತೆ ಸ್ವಲ್ಪ ಹೊತ್ತಿಗೆ, “ಶನಿ ನೀರಿನ ಎದುರಾ ಹೊಂಟಾನಲ್ರಿ, ಕೆಳಗಿಂದ ಮ್ಯಾಲಕ್ಕ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನನ್ನ ಕನ್ನಡಕ ಮಂಜಾಯಿತು. ಹುಲುಗಪ್ಪನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಬೇಕೆಂದುಕೊಂಡೆ, “ಅವತ್ತು ಲ್ಯಾಬಿನಲ್ಲಿ...” ಎಂದೆ. ಅವನು, “ಆ ಮುಳ್ಳು ಯಾಕ ಅಲ್ಲಾಡ್ತಿತ್ತು ಅಂತ ಆಮ್ಯಾಲ ತಿಳೀತ್ರಿ ಸರ್” ಎಂದು ಮಾತು ಮುಗಿಸಿದ.

ಹೊರಡುವ ಹೊತ್ತಿಗೆ ಮೇಷ್ಟ್ರು ನನ್ನ ಕೈ ಹಿಡಿದುಕೊಂಡು ಮೆಟ್ಟಿಲ ಬಾಯಲ್ಲಿ ನಿಂತರು. “ಅಳಿಯಂದ್ರ, ಒಂದು ಮಾತು ಹೊಟ್ಟ್ಯಾಗ ಇಟ್ಕೊಂಡಿದ್ದೆ. ಅವತ್ತ ಡಬ್ಬಿ ಸುಟ್ಟಿತಲ್ರಿ, ತಪ್ಪು ನಂದೂ ಐತಿ. ಅದರ ಬೆನ್ನ ಮ್ಯಾಲ ನೂರಾ ಹತ್ತು ಅಂತ ಬರೆದಿದ್ದು ನಾ ಓದಿದ್ದೆ. ನೀವು ಕಡ್ಡಿ ಸಿಗಸೂ ಮುಂದ ಬಾಯಿತನಕ ಬಂದಿತ್ತು. ಆದ್ರ ಎಮ್ಮೆಸ್ಸಿ ಮಾಡಿದಾರು, ಮ್ಯಾಲ ಊರ ಅಳಿಯಾರು, ನಾಲ್ಕು ಮಂದ್ಯಾಗ ಹೆಂಗ ಹೇಳೂದು ಅಂತ ಸುಮ್ಮನಾದೆ.” ಹತ್ತು ವರ್ಷ ನಾನು ಬಚ್ಚಿಟ್ಟುಕೊಂಡಿದ್ದ ಪಾಪಕ್ಕೆ ಮೇಷ್ಟ್ರು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದರು. ಹುಲುಗಪ್ಪ ತಲೆ ತಗ್ಗಿಸಿ ಬ್ಯಾಟರಿಯ ವೈರು ಬಿಚ್ಚುತ್ತಿದ್ದ. ಅವನಿಗೂ ಮೂಸಿದಾಗಲೇ ಗೊತ್ತಿತ್ತು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಕಾಲು ಮುಟ್ಟಲು ಬಗ್ಗಿದರೆ, ಅಳಿಯ ಬಗ್ಗಬಾರದೆಂದು ಅದಕ್ಕೂ ಬಿಡಲಿಲ್ಲ.

ಮರುದಿನ ಮುಂಜಾನೆ ಟ್ರ್ಯಾಕ್ಟರಿಗೆ ಬೇಕೆಂದು ಹುಲುಗಪ್ಪ ಬ್ಯಾಟರಿ ಇಳಿಸಿಕೊಂಡ, ಮತ್ತೆ ಬಂದು ಮೇಷ್ಟ್ರನ್ನು ಇಳಿಸಿಕೊಂಡ. ಇಬ್ಬರೂ ಕಂಪ್ಲಿ ಬಸ್ಸಿಗೆ ಹೋದರು. ತಾರಸಿಯಲ್ಲಿ ಒಬ್ಬನೇ ಉಳಿದಾಗ ನೆನಪಾಯಿತು, ಇಷ್ಟೆಲ್ಲ ಪಾಡುಪಟ್ಟ ನಾನೇ ಶನಿಯನ್ನು ಸರಿಯಾಗಿ ನೋಡಲಿಲ್ಲ. ನಿಧಾನವಾಗಿ, ಮಂಡಿ ಹಿಡಿದುಕೊಂಡು, ಬಗ್ಗಿ ಕಣ್ಣಿಟ್ಟೆ. ಕತ್ತಲು. ಸೋಪಿನ ಡಬ್ಬಿ ಎತ್ತಿಕೊಂಡು ಮ್ಯಾಲ ಒತ್ತಿದೆ, ಕೆಳಗ ಒತ್ತಿದೆ, ಎಡದಂಡೆ ಬಲದಂಡೆ ಎರಡನ್ನೂ ಒತ್ತಿದೆ. ಬ್ಯಾಟರಿಯಾಗಲೇ ಬಸ್‌ಸ್ಟ್ಯಾಂಡು ಸೇರಿತ್ತು. ಹೋತು. ಕೊಳವೆಯನ್ನು ಹೆಗಲ ಮೇಲೆ ಹೊತ್ತು ಮೂವತ್ತೆರಡು ಮೆಟ್ಟಿಲು ಇಳಿದು, ಬೀಗ ಹಾಕಿ ಮನೆಗೆ ಬಂದೆ.

ಗಿರಿಜೆ ತಾಟು ಹಾಕುತ್ತ, “ಮೇಷ್ಟ್ರಿಗೆ ಕಂಡಿತೇನ್ರಿ?” ಎಂದು ಕೇಳಿದಳು. ಚೆನ್ನಾಗಿ ಕಂಡಿತು, ಬಹಳ ಸಂತೋಷಪಟ್ಟರು ಎಂದೆ.

“ನಿಮಗ?”

ಸುಸ್ತಾಗಿತ್ತು, ಹಸಿವಾಗಿತ್ತು. ಬಾಯಿ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿಯಿತು. “ನನ್ನ ಸರದಿ ಬರೋ ಹೊತ್ತಿಗೆ ಕರೆಂಟ್ ಹೆಚ್ಚುಕಮ್ಮಿ ಆಯ್ತು” ಎಂದೆ.

ಊರಿಗೆಲ್ಲ ನಾನು ಅಳಿಯ. ಮನೆಯೊಳಗೆ ಆ ಹುದ್ದೆ ನಡೆಯುವುದಿಲ್ಲ. ಗಿರಿಜೆ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

“ಟ್ರ್ಯಾಕ್ಟರ್ ಬ್ಯಾಟ್ರ್ಯಾಗ ಕರೆಂಟ್ ಹೆಂಗ ಹೆಚ್ಚುಕಮ್ಮಿ ಆತ್ರಿ?”